ಮೂಳೆ ಬರೆದ ಅಂಗಿ

ಏಪ್ರಿಲ್ ಸೆಕೆಯಲ್ಲಿ ಹೊಲಿದಿದ್ದೆವು ಇವನ್ನು.
ಕಪ್ಪು ಬನಿಯನ್ ಬಟ್ಟೆ, ಎದೆಗೆ ಹನ್ನೆರಡು ಪಕ್ಕೆಲುಬು,
ಎರಡರಿಂದ ಆರು ವರ್ಷದ ಮಕ್ಕಳ ಅಳತೆ.
"ಯಾವ ತಾಯಿ ಹಾಕ್ತಾಳೆ ಮಗೂಗೆ ಅಸ್ಥಿಪಂಜರ?"
ತೋಳು ಕೂಡಿಸುತ್ತಾ ಬೈದಿದ್ದಳು ದ್ಯಾವಮ್ಮ.
ಅಕ್ಟೋಬರ್ ಕೊನೇ ದಿನ ಅಲ್ಲಿ ದೆವ್ವದ ಹಬ್ಬವಂತೆ,
ಮಕ್ಕಳೇ ದೆವ್ವವಾಗಿ ಮನೆಮನೆ ಕದ ತಟ್ಟಿ
ಮಿಠಾಯಿ ಕೇಳುತ್ತಾರಂತೆ. ಸೂಪರ್‌ವೈಸರ್ ಹೇಳಿದ್ದು.
ಗಂಟೆಗೆ ಎಂಬತ್ತು ಪೀಸು. ಅದೂ ಅವನೇ ಹೇಳಿದ್ದು.

ಹಾಸನದಿಂದ ಹಡಗಿಗೆ ಹೋದವು ಎಲ್ಲ,
ಒಂದು ಬಿಟ್ಟು.
ಅದಕ್ಕೆ ಎಡಗಡೆ ಮೂರನೇ ಪಕ್ಕೆಲುಬು ಅಚ್ಚಾಗಿರಲಿಲ್ಲ.
ಈಗ ತಣ್ಣೀರುಹಳ್ಳದ ನಮ್ಮ ರೂಮಿನ ಮೊಳೆಯಲ್ಲಿದೆ.
ಹೇಗೆ ಬಂತೆಂದು ಕೇಳಬೇಡಿ,
ಗೇಟಿನಲ್ಲಿ ಬ್ಯಾಗು, ಊಟದ ಡಬ್ಬಿ, ಜಡೆ ಕೂಡ ತಡಕುತ್ತಾರೆ.
ಬಂತು, ಅಷ್ಟೆ.

ಇವತ್ತು ಆ ದಿನ. ನಾಳೆ ರಾಜ್ಯೋತ್ಸವ, ರಜ.
ಬೀದಿಗೆ ಅಡ್ಡಡ್ಡ ಕೆಂಪು ಹಳದಿ ಬಾವುಟದ ದಾರ.
ನಾವು ನಾಲ್ಕು ಜನ, ಒಂದು ಫೋನು,
ಅಕ್ಕಿ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದೇವೆ.
ದೆವ್ವದ ಪಿಚ್ಚರೇ ಆಗಬೇಕು ಎಂದದ್ದು ನಾನು.
ಯಾವುದು ಅನ್ನುವುದರಲ್ಲಿ ಒಂಬತ್ತೂವರೆ ಆಯಿತು.

ಬೊಂಬೆ, ಬಾವಿ, ಬಾಗಿಲು,
ಬಾಗಿಲ ಸಂದಿಯಲ್ಲಿ ಕಣ್ಣು,
ಬೆರಳಿಂದ ತಳ್ಳಿದಷ್ಟೂ ಕಣ್ಣು.

"ಲಿಫ್ಟ್ ಇರೋದು ಬೇಡ" ಅಂದಳು ಶಾಕಿರಾ,
ಯಾಕೆಂದು ಹೇಳಲಿಲ್ಲ.
"ಉದ್ದ ಕೂದಲು ಬೇಡಕ್ಕ" ಅಂತ ಒಡಿಶಾದ ಮಿನತಿ,
ಪಾಯಿಖಾನೆ ಹೊರಗಿದೆ, ನೀರಿನ ತೊಟ್ಟಿ ದಾಟಿ,
ರಾತ್ರಿ ಎರಡಕ್ಕೆ ಎದ್ದು ಹೋಗುವವಳು ಅವಳೇ.
ಅವಳ ಕೂದಲೇ ಮಂಡಿ ಮುಟ್ಟುತ್ತದೆ.
"ಮಗು ಸಾಯೋದು ಬೇಡ" ಅಂದಳು ದ್ಯಾವಮ್ಮ,
"ಸತ್ತ ಮಗು ದೆವ್ವ ಆಗಿ ಬರೋದಾದ್ರೆ ಪರವಾಗಿಲ್ಲ.
ಬರಲಿ."
ಸ್ವಲ್ಪ ಹೊತ್ತು ಯಾರೂ ಫೋನು ಮುಟ್ಟಲಿಲ್ಲ.

ನನಗೆ ಬಂಗಲೆಯ ಪಿಚ್ಚರುಗಳ ಮೇಲೆ ಸಿಟ್ಟು.
ಹತ್ತು ರೂಮು, ಬಾಡಿಗೆ ಅಗ್ಗ,
ಒಂದು ಕುರ್ಚಿ ತಾನಾಗಿ ಅಲ್ಲಾಡಿತೆಂದು ಊರು ಬಿಡುತ್ತಾರೆ!
ನಾವಾಗಿದ್ದರೆ ದೆವ್ವಕ್ಕೊಂದು ರೂಮು ಬಿಟ್ಟು
ಮಿಕ್ಕ ಒಂಬತ್ತರಲ್ಲಿ ಕಾಲು ಚಾಚಿ ಮಲಗುತ್ತಿದ್ದೆವು,
ಕರೆಂಟ್ ಬಿಲ್ಲಿನಲ್ಲಿ ಅದರ ಪಾಲು ಕೇಳುತ್ತಿದ್ದೆವು.

ಪಾದ ಹಿಂದುಮುಂದಾದ ಹೆಂಗಸಿನ ಕತೆ ಬಂತು.
ನಕ್ಕೆವು. ಎರಡನೇ ಶಿಫ್ಟು ಮುಗಿಸಿ ಪೆಡಲ್ ಬಿಟ್ಟು ಎದ್ದರೆ
ನಮ್ಮ ಪಾದವೂ ಯಾವ ಕಡೆ ಇದೆಯೆಂದು
ಬಗ್ಗಿ ನೋಡಿಕೊಳ್ಳಬೇಕು.
ಆಮೇಲೆ ಬಸ್ಸು ಮೇನ್ ರೋಡಿನಲ್ಲಿ ಇಳಿಸುತ್ತದೆ,
ಅಲ್ಲಿಂದ ಹನ್ನೊಂದು ನಿಮಿಷ ನಡಿಗೆ,
ಹಿಂದೆ ಒಂದು ಬೈಕು ನಿಧಾನ ಆಗುವ ಸದ್ದು.
ಇಷ್ಟು ಪಿಚ್ಚರ್ ನೋಡಿದೆ,
ಆ ಸದ್ದನ್ನು ಯಾರೂ ಸರಿಯಾಗಿ ಹಾಕಿಲ್ಲ.

ಕೊನೆಗೆ ಆರಿಸಿದ್ದು ಮೂರು ಸಲ ನೋಡಿದ್ದನ್ನೇ.
ಎಲ್ಲಿ ಕಣ್ಣು ಮುಚ್ಚಬೇಕೆಂದು ಗೊತ್ತಿರುತ್ತದಲ್ಲ.
ಶಾಕಿರಾ ಎದ್ದು ಲೈಟು ಆರಿಸಿದಳು.

ಗೋಡೆಯ ಮೇಲೆ ಹಸಿರಾಗಿ
ಹನ್ನೊಂದು ಪಕ್ಕೆಲುಬು ಹೊಳೆದವು.

ಕತ್ತಲಲ್ಲಿ ಹೊಳೆಯುವ ಬಣ್ಣವೆಂದು ಯಾರೂ ಹೇಳಿರಲಿಲ್ಲ,
ಟ್ಯೂಬ್‌ಲೈಟಿನ ಕೆಳಗೇ ಹೊಲಿದಿದ್ದೆವು ನಲವತ್ತು ಸಾವಿರ.
ಮಿನತಿ ಕಿರುಚಿದಳು. ಅದೇ ಹೊತ್ತಿಗೆ ಹೊರಗೆ
ನಾಳೆಯ ಬಾವುಟಕ್ಕೆ ಹುಡುಗರು ಕಟ್ಟಿದ ಮೈಕು
"ಹಲೋ, ಹಲೋ, ಕೇಳಿಸ್ತಿದೆಯಾ?" ಅಂತು.
ನಕ್ಕು ನಕ್ಕು ಅಕ್ಕಿ ಡಬ್ಬ ಉರುಳಿತು, ಫೋನೂ.

ಪಿಚ್ಚರು ಮಗುಚಿ ಬಿದ್ದಲ್ಲೇ ಓಡುತ್ತಿತ್ತು.
ಅಲ್ಲಿ ಈಗಿನ್ನೂ ಮಧ್ಯಾಹ್ನವಂತೆ,
ಮಕ್ಕಳು ಅಂಗಿ ತೊಟ್ಟಿರಲಿಕ್ಕಿಲ್ಲ.
ಹಸಿರು ಒಂದೊಂದೇ ಎಲುಬಾಗಿ ಮಂಕಾಗುತ್ತಿತ್ತು.
ದ್ಯಾವಮ್ಮ ಅದನ್ನೇ ನೋಡುತ್ತಿದ್ದವಳು ಕೇಳಿದಳು,
"ಅಲ್ವೇ, ಕಂಕುಳಲ್ಲಿ ಹೊಲಿಗೆ ಬಿಗಿಯಾಗಲ್ಲ ತಾನೇ
ಆ ಮಕ್ಕಳಿಗೆ?"